ವಿಮಲಕ್ಕನ ವರ್ತುಳ

ವಿಮಲಕ್ಕ ಮಾತಾಡುವಾಗ ಎದುರಿಗಿದ್ದವರ ಕಿವಿಯ ಕಡೆ ನೋಡುತ್ತಿದ್ದರು. ವಡೋದರಾದ ಕಾಲೇಜಿಗೆ ಗಣಿತದ ಉಪನ್ಯಾಸಕಿಯಾಗಿ ಸೇರಿದ ಹೊಸತರಲ್ಲಿ ನಾನದನ್ನು ಬಿಗುಮಾನವೆಂದೇ ತಿಳಿದಿದ್ದೆ. ಅವರು ಅಲ್ಲಿ ಹಿರಿಯ ಉಪನ್ಯಾಸಕಿ, ಧಾರವಾಡದವರು. ಗಂಡನ ಬ್ಯಾಂಕ್ ವರ್ಗಾವಣೆಯಿಂದ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಕಾಪುರಿ ಬಡಾವಣೆಯ ಬಾಡಿಗೆ ಮನೆಯಲ್ಲೇ ಉಳಿದಿದ್ದರು. ನಾನು ಕನ್ನಡದವಳೆಂದು ಗೊತ್ತಾದದ್ದೇ ತಡ, ನನ್ನ ಊಟದ ಡಬ್ಬಿಗೆ ಶೇಂಗಾ ಚಟ್ನಿ ಬೀಳತೊಡಗಿತು.

ಅವರ ಪ್ರೀತಿಯ ಪಾಠ ಇನ್ವರ್ಶನ್. ಒಂದು ವೃತ್ತದ, ಅವರ ಬಾಯಲ್ಲಿ ವರ್ತುಳದ, ಒಳಗಿನ ಬಿಂದುಗಳನ್ನು ಹೊರಗೆ, ಹೊರಗಿನವನ್ನು ಒಳಗೆ ಕಳಿಸುವ ರೇಖಾಗಣಿತ. "ನಡುವಿಗೆ ಹತ್ತಿರ ಇದ್ದಷ್ಟೂ ದೂರ ಹೋಗಬೇಕು ನೋಡವಾ. ನಡುವಿನ ಚುಕ್ಕಿಗೆ ಮಾತ್ರ ಹೋಗಲಿಕ್ಕೆ ಜಾಗಾನ ಇಲ್ಲ" ಎನ್ನುತ್ತಿದ್ದರು. ದುಂಡನೆಯ ಭೂಮಿಯನ್ನು ಚಪ್ಪಟೆ ನಕಾಶೆಗೆ ಇಳಿಸುವ ಒಂದು ಬಗೆಗೂ ಇದೇ ಬುನಾದಿ. ಅದನ್ನು ತೋರಿಸಲು ಪಾರದರ್ಶಕ ಚೆಂಡಿನ ಮೇಲೆ ವೃತ್ತಗಳನ್ನು ಬರೆದು, ನೆತ್ತಿಯಲ್ಲಿ ಪುಟ್ಟ ದೀಪವಿಟ್ಟು, ಕೋಣೆ ಕತ್ತಲು ಮಾಡುತ್ತಿದ್ದರು. ನೆಲಕ್ಕೆ ಬಿದ್ದ ನೆರಳುಗಳೂ ವೃತ್ತಗಳೇ. ದೀಪದ ಹತ್ತಿರದವು ಬೆಂಚುಗಳಾಚೆ ಹರಡುತ್ತಿದ್ದವು.

ಪಾಠ ಕಲಿಯಲೆಂದು ನಾನೂ ಒಮ್ಮೆ ಅವರ ತರಗತಿಯ ಹಿಂದೆ ಕೂತಿದ್ದೆ. ವೃತ್ತ ಬರೆದವರು ಕೇಂದ್ರದಿಂದ ಗೆರೆ ಎಳೆಯಲು ಹೋಗಿ ತಡವರಿಸಿದರು. ಸೀಮೆಸುಣ್ಣ ಹಲಗೆಯ ಮೇಲೆ ಸುಮ್ಮನೆ ಅಲೆಯಿತು.

"ಮೇಡಮ್, ಕೇಂದ್ರ ಕ್ಯಾಂ ಛೆ?" ಕೇಂದ್ರ ಎಲ್ಲಿದೆ ಎಂದು ಒಬ್ಬ ಗುಜರಾತಿಯಲ್ಲಿ ಕೂಗಿದ. ಎಲ್ಲರೂ ನಕ್ಕರು. ವಿಮಲಕ್ಕ ಸೀಮೆಸುಣ್ಣ ಕೆಳಗಿಟ್ಟು ಹೊರಗೆ ನಡೆದರು.

ಹಿಂದೆಯೇ ಓಡಿದ ನನಗೆ ಮೊಗಸಾಲೆಯಲ್ಲಿ ಹೇಳಿದರು: "ದಿಟ್ಟಿಸಿ ನೋಡಿದ್ದೇ ಕಾಣಂಗಿಲ್ಲ ತಂಗಿ. ಬದಿಗಿಂದೆಲ್ಲಾ ಕಾಣ್ತದ. ನಿನ್ನ ಮಾರಿ ಕಾಣಬೇಕಂದ್ರ ನಾ ನಿನ್ನ ಕಿವಿ ನೋಡಬೇಕು."

ಅಹಮದಾಬಾದಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ವಾಪಸು ಬರುವ ರೈಲಿನಲ್ಲಿ ವಿಮಲಕ್ಕ, "ಪಾಠ ಅರ್ಧಕ್ಕ ನಿಂತದ. ನಾ ಹೇಳ್ತೀನಿ, ನೀ ಬರಿ" ಎಂದರು.

ಅದೇ ತರಗತಿಯಲ್ಲಿ ಹಾಗೇ ಮುಗಿಸಿದೆವು. ಕೊನೆಯ ಚಿತ್ರ ಬರೆದಾಗ, "ಸರಿ ಬಂತೇನು?" ಎಂದರು.

"ಬಂತು ಅಕ್ಕಾ."

ಹಲಗೆಯ ಅಂಚನ್ನೇ ನೋಡುತ್ತ ನಿಂತರು. ಯಾರೂ ನಗಲಿಲ್ಲ. ಆ ವಾರವೇ ಕೆಲಸ ಬಿಟ್ಟರು.

ಕಡೆಯ ಸಲ ಅವರನ್ನು ಕಂಡದ್ದು ಸೂರತ್ತಿನಲ್ಲಿ, ಮಗಳ ಮನೆಯಲ್ಲಿ. ಕಾಲೇಜಿನ ಸುದ್ದಿ ಕೇಳಲೇ ಇಲ್ಲ. ನಾನಾಗಿಯೇ ಪಾಠದ ಮಾತು ತೆಗೆದರೆ, "ಬ್ಯಾಡ ಬಿಡವಾ. ಈಗ ಮನಸಿನಾಗೂ ವರ್ತುಳ ಕೂಡಂಗಿಲ್ಲ" ಎಂದರು.

ಬೇಡವೆಂದರೂ ಗೇಟಿನವರೆಗೆ ಬಂದರು. ರಸ್ತೆ ದಾಟಿ ಆಟೋ ಹತ್ತಿ ತಿರುಗಿ ನೋಡಿದೆ. ತರಕಾರಿ ಗಾಡಿಯ ಬಳಿ ನಿಂತಿದ್ದ ಯಾರೋ ಹೆಂಗಸಿಗೆ ವಿಮಲಕ್ಕ ಕೈ ಬೀಸುತ್ತಿದ್ದರು. ಆಕೆ ಅನುಮಾನಿಸಿ, ಆಮೇಲೆ ತಾನೂ ಕೈ ಬೀಸಿದಳು. ವಿಮಲಕ್ಕ ನಕ್ಕು ಒಳಗೆ ಹೋದರು.