ಎಂಟನೇ ಸಾಲು

ಮೊನ್ನೆ ಭಾನುವಾರ ಹೆಂಡತಿ ಅಡುಗೆಮನೆಯ ಗೂಡಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಗೂಡಿಗೆ ಹಾಸಲು ಹಳೆಯ ಪೇಪರು ಕೊಡಿ ಎಂದಳು. ಕಟ್ಟಿನಿಂದ ಒಂದನ್ನು ಎಳೆದೆ. ಮಸಿಯ ವಾಸನೆ ಮೂಗಿಗೆ ಬಡಿಯಿತು. ಮುಂದಿನದ್ದೆಲ್ಲ ನನ್ನ ಕೈ ತಾನಾಗಿ ಮಾಡಿದ ಕೆಲಸ. ಪೇಪರನ್ನು ಉದ್ದಕ್ಕೆ ಮಡಿಸಿ, ಒಂದು ತುದಿಯಲ್ಲಿ ಗೇಣುದ್ದ ಬಿಟ್ಟು, ಉಳಿದದ್ದನ್ನು ಬೆರಳಗಲದ ಪಟ್ಟಿಗಳಾಗಿ ಸರ್ರನೆ ಸೀಳುತ್ತಾ ಹೋಯಿತು. ಹೆಂಡತಿ ತಿರುಗಿ ನೋಡುವಷ್ಟರಲ್ಲಿ ಕೈಯಲ್ಲೊಂದು ದಪ್ಪ ಕುಚ್ಚು ತಯಾರಾಗಿತ್ತು.

"ಇದೇನ್ರೀ ಇದು? ಆಸೋಕೆ ಪೇಪರ್ ಕೇಳುದ್ರೆ ನೊಣ ಓಡ್ಸೋದು ಮಾಡ್ಕೊಟ್ರಲ್ಲ," ಎಂದಳು.

ಅದು ನೊಣ ಓಡಿಸುವುದಲ್ಲ. ಕೊರಿಯಾ ದೇಶದ ಒಂದು ಬೇಸ್‌ಬಾಲ್ ತಂಡಕ್ಕೆ ಜೈಕಾರ ಹಾಕುವ ಸಾಧನ. ಹಾಗೆಂದರೆ ನಂಬುವ ಹೆಂಗಸಲ್ಲ ಅವಳು. ನೀವಾದರೂ ನಂಬುತ್ತೀರೆಂದು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬೈಲುಕುಪ್ಪೆಗೆ ಅಂಟಿಕೊಂಡ ಕೊಪ್ಪದಲ್ಲಿ ನಾನು ಪೇಪರ್ ಏಜೆಂಟ್. ಅಂಗಡಿಯ ಮುಂದೆ ಪತ್ರಿಕೆಗಳು, ಪಕ್ಕದಲ್ಲಿ ಎಸ್‌ಟಿಡಿ ಬೂತು, ಹಿಂದೆ ಪರದೆ ಕಟ್ಟಿದ ಮೂಲೆಯಲ್ಲಿ ಒಂದೇ ಒಂದು ಕಂಪ್ಯೂಟರು. ಬೋರ್ಡಿನ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ 'ಇಂಟರ್‌ನೆಟ್ ಸೆಂಟರ್' ಎಂದು ಬರೆಸಿದ್ದೆ. ಬೂತಿಗೂ ಕಂಪ್ಯೂಟರಿಗೂ ಇದ್ದದ್ದು ಒಂದೇ ಫೋನ್ ಲೈನು. ಯಾರಾದರೂ ಅತ್ತೆಮನೆಗೆ ಫೋನು ಹಚ್ಚಿ ಕ್ಷೇಮಸಮಾಚಾರ ಶುರುಮಾಡಿದರೆ ಒಳಗಿನ ಇಂಟರ್‌ನೆಟ್ಟು ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತು.

ಆ ಕಂಪ್ಯೂಟರಿನ ಏಕೈಕ ನಿಷ್ಠಾವಂತ ಗಿರಾಕಿ ಕಿಮ್. ಬೈಲುಕುಪ್ಪೆಯ ಮಠದಲ್ಲಿ ಬೌದ್ಧಧರ್ಮ ಓದಲು ಕೊರಿಯಾದಿಂದ ಬಂದವನು. ಎರಡು ವರ್ಷ ಕೊಪ್ಪದ ಸಂತೆಯಲ್ಲಿ ತರಕಾರಿ ಕೊಂಡೂ ಕೊಂಡೂ ಕನ್ನಡ ಕಲಿತಿದ್ದ. ಊರೆಲ್ಲ ಅವನನ್ನು ಕಿಮ್ಮಣ್ಣ ಎನ್ನುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಬಂದು ಕೂತು ತನ್ನೂರಿನ ಬೇಸ್‌ಬಾಲ್ ತಂಡ ಯಾವ ಸ್ಥಾನದಲ್ಲಿದೆ ಎಂದು ನೋಡುತ್ತಿದ್ದ. ಅಲ್ಲಿ ಆಗ ಒಟ್ಟು ಎಂಟು ತಂಡ. ಪಟ್ಟಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ, ಗರ್ಭಿಣಿ ಮೆಟ್ಟಿಲಿಳಿದಂತೆ ಇಳಿಯುತ್ತಿತ್ತು. ಮೊದಲನೇ ಸ್ಥಾನದವರ ಅಭಿಮಾನಿಯಾಗಿದ್ದರೆ ಎರಡೇ ನಿಮಿಷದಲ್ಲಿ ಎದ್ದು ಹೋಗಬಹುದಿತ್ತು. ಕಿಮ್ಮಣ್ಣನ ತಂಡ ಎಂಟನೆಯದು. ಹೋದ ವರ್ಷವೂ ಎಂಟನೆಯದು, ಅದರ ಹಿಂದಿನ ವರ್ಷವೂ. ಏಳನೇ ಸಾಲು ಬರುವ ಹೊತ್ತಿಗೆ ಬೂತಿನಲ್ಲಿ ಯಾರೋ ಫೋನು ಎತ್ತುತ್ತಿದ್ದರು, ಮತ್ತೆ ಮೊದಲಿನಿಂದ ಶುರು.

"ಹೇಗೂ ಕೊನೇಲೇ ಇರುತ್ತಲ್ಲ ಮಾರಾಯ, ಯಾಕೆ ಕಾಯ್ತೀಯ?" ಎಂದು ಒಮ್ಮೆ ಕೇಳಿದೆ.

"ನೋಡಬೇಕು ಕಣ್ರೀ," ಎಂದ. "ಒಂಬತ್ತು ಇಲ್ಲ ಅಂತ ನೋಡಬೇಕು."

ಹೀಗೆ ಕಾಯುವ ಹೊತ್ತಿನಲ್ಲಿ ಅವನು ಹೇಳಿದ್ದೇ ನನಗೆ ಗೊತ್ತಿರುವ ಕೊರಿಯಾದ ಚರಿತ್ರೆ. ಎಂಬತ್ತರ ದಶಕದ ಆರಂಭದಲ್ಲಿ, ಸೈನ್ಯದ ಸಮವಸ್ತ್ರದವರು ದೇಶ ಆಳುತ್ತಿದ್ದಾಗ ಈ ಆಟ ವೃತ್ತಿಪರವಾಯಿತಂತೆ. ಬೀದಿಯಲ್ಲಿ ಕೂಗುವ ಜನ ಮೈದಾನದಲ್ಲಿ ಕೂಗಿಕೊಳ್ಳಲಿ ಎಂಬ ಲೆಕ್ಕಾಚಾರವಿತ್ತೆಂದು ಅವನ ಮಾವ ಹೇಳುತ್ತಿದ್ದನಂತೆ. ಒಂದೊಂದು ಸೀಮೆಗೆ ಒಂದೊಂದು ತಂಡ, ಒಂದೊಂದು ತಂಡಕ್ಕೂ ಒಬ್ಬ ದೊಡ್ಡ ಸಾಹುಕಾರನ ಕಂಪನಿ. ಕಿಮ್ಮಣ್ಣನದು ಬಂದರಿನ ಊರು. ಅವರಿಗೆ ಎರಡೇ ಸಲ ಕಪ್ಪು ಬಂದಿತ್ತು. ಮೊದಲ ಸಲವಂತೂ ಒಬ್ಬನೇ ಬೌಲರು ದಿನ ಬಿಟ್ಟು ದಿನ ಚೆಂಡೆಸೆದು ಹೆಚ್ಚುಕಡಿಮೆ ತಾನೊಬ್ಬನೇ ಗೆದ್ದುಕೊಟ್ಟನಂತೆ. ತೊಂಬತ್ತರ ಆರಂಭದಲ್ಲಿ ಇನ್ನೊಂದು ಕಪ್ಪು. ಆಮೇಲೆ ಇಲ್ಲ. ಆದರೂ ಜನ ಹೋಗುತ್ತಾರೆ. ಟಿಕೆಟ್ ಕಿಂಡಿಯ ಹತ್ತಿರ ಕೊಂಡ ಪೇಪರನ್ನು ಸೀಳಿ ಕುಚ್ಚು ಮಾಡಿ ಬೀಸುತ್ತಾರೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡು ಕಟ್ಟಿ ಊರಿಗೆ ಊರೇ ಹಾಡುತ್ತದೆ. ಚೆಂಡು ಹಾರಿ ಬಂದು ಪ್ರೇಕ್ಷಕನ ಕೈಗೆ ಸಿಕ್ಕರೆ ಅದು ಅವನದೇ. ಆದರೆ ದೊಡ್ಡವನೊಬ್ಬ ಹಿಡಿದುಬಿಟ್ಟನೋ, ಸುತ್ತಲಿನ ಸಾವಿರಾರು ಗಂಟಲು ಒಟ್ಟಿಗೆ 'ಮಗುವಿಗೆ ಕೊಡು' ಎಂದು ಕೂಗುತ್ತವೆ. ಕೊಡದೆ ಅವನು ಮನೆಗೆ ಹೋಗುವ ಹಾಗಿಲ್ಲ.

"ಸೋತರೆ ಬೈಯಲ್ವಾ?" ಎಂದೆ.

"ತುಂಬ ಬೈತೀವಿ. ನನ್ನ ಮಾವ ಬಾಟ್ಲಿ ಎಸೆದಿದ್ದ," ಎಂದ ಕಿಮ್ಮಣ್ಣ ನಾಚಿಕೆಯಿಂದ. "ಬೆಳಿಗ್ಗೆ ಎದ್ದು ಮತ್ತೆ ಟಿಕೆಟ್ ತಗೊಂಡ. ಬೈಬಹುದು. ಎದ್ದು ಹೋಗಬಾರದು."

ನನಗೆ ನಗು ಬಂತು. ಏಕೆಂದರೆ ನಮ್ಮ ಕಡೆಯ ಅಭಿಮಾನದ ಶಾಸ್ತ್ರ ಬೇರೆ. ದೇಶ ಗೆದ್ದರೆ ನಾವು ಗೆದ್ದೆವು, ಸೋತರೆ ಅವರು ಸೋತರು. ಗೆದ್ದ ದಿನ ಹಾಲಿನ ಅಭಿಷೇಕಕ್ಕೆ ಸಿದ್ಧವಾಗುವ ಪಟಕ್ಕೆ ಸೋತ ದಿನ ಚಪ್ಪಲಿ ಹಾರ. ಮೂರು ವಿಕೆಟ್ ಬಿದ್ದರೆ ಟಿವಿ ಆಫ್, ಮತ್ತೆ ರನ್ ಬಂತೆಂದು ಪಕ್ಕದ ಮನೆಯ ಕಿರುಚಾಟ ಕೇಳಿದರೆ ಆನ್. ಈ ವಿದ್ಯೆಯಲ್ಲಿ ನಾನು ಪರಿಣತ. ಪತ್ರಿಕೆ ಹಂಚುವವನಾದ್ದರಿಂದ ಊರಿಗಿಂತ ಮೊದಲು ಸೋಲನ್ನು ಓದಿ, ಊರಿಗಿಂತ ಮೊದಲು ತಂಡವನ್ನು ಕೈಬಿಡುತ್ತಿದ್ದೆ.

ಕೊಪ್ಪಕ್ಕೂ ಒಂದು ಟೆನಿಸ್‌ಬಾಲ್ ಕ್ರಿಕೆಟ್ ತಂಡವಿತ್ತು. ಕ್ಯಾಪ್ಟನ್ ಟೈಲರ್ ಇಲಿಯಾಸ್ ಭಾಯ್. ಮಠದ ಸನ್ಯಾಸಿಗಳ ಮೆರೂನ್ ಬಟ್ಟೆ ಹೊಲಿಯುತ್ತಿದ್ದವರು ಅವರೇ. ಉಳಿದ ತುಂಡುಗಳನ್ನು ಜೋಡಿಸಿ ಹನ್ನೊಂದು ಜನಕ್ಕೂ ಅಂಗಿ ಹೊಲಿದಿದ್ದರು. ಹೀಗಾಗಿ ಹುಣಸೂರಿನಿಂದ ಕೆ.ಆರ್. ನಗರದವರೆಗೆ ನಮ್ಮದು 'ಸನ್ಯಾಸಿ ಟೀಮು' ಎಂದೇ ಪ್ರಸಿದ್ಧಿ. ಕಪ್ಪಿನ ಆಸೆ ಬಿಟ್ಟವರು ಎಂದು ಮೈಕಿನಲ್ಲೇ ಹಂಗಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ಟೂರ್ನಮೆಂಟಿನಲ್ಲೂ ಮೊದಲ ಸುತ್ತು ದಾಟಿರಲಿಲ್ಲ. ಇಲಿಯಾಸ್ ಭಾಯ್‌ಗೆ ಮೂವತ್ತೆಂಟು ನಡೆಯುತ್ತಿತ್ತು, ಹೊಲಿಗೆ ಮೆಷಿನ್ ತುಳಿದು ತುಳಿದು ಬಲಮಂಡಿ ಕೈಕೊಟ್ಟಿತ್ತು. "ಒಂದು ಮ್ಯಾಚ್ ಗೆದ್ದು ಬುಟ್ಬುಡ್ತೀನಿ ಏಜೆಂಟ್ರೇ. ಕಪ್ಪು ಯಾರಿಗ್ ಬೇಕು? ಒಂದು, ಒಂದೇ ಒಂದು ಮ್ಯಾಚು," ಎನ್ನುತ್ತಿದ್ದರು. ಆ ವರ್ಷ ಪಿರಿಯಾಪಟ್ಟಣದಲ್ಲಿ ನಡೆಯುವ ಟೂರ್ನಮೆಂಟೇ ಅವರ ಕೊನೆಯದು.

ಇದನ್ನು ಕೇಳಿದ್ದೇ ಕಿಮ್ಮಣ್ಣನ ಕಣ್ಣು ಅರಳಿತು. ತನ್ನೂರಿನಿಂದ ಇಷ್ಟು ದೂರ ಬಂದರೂ ಎಂಟನೇ ಸಾಲಿನವರು ಸಿಕ್ಕರಲ್ಲ ಎಂಬ ಸಂತೋಷ ಅವನಿಗೆ. ನನ್ನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಪೇಪರುಗಳನ್ನೆಲ್ಲ ಹೊತ್ತೊಯ್ದು, ಕೊಪ್ಪದ ಜನರನ್ನು ಸಂಜೆ ಸಂಜೆ ಗುಡ್ಡೆಹಾಕಿ ಕುಚ್ಚು ಸೀಳುವುದನ್ನು ಕಲಿಸಿದ. ಹನ್ನೊಂದು ಹಾಡು ಕಟ್ಟಿಸಿದ. ಇಲಿಯಾಸ್ ಭಾಯ್‌ದು ಸೋಬಾನೆ ಧಾಟಿ: "ಹೊಡಿಯಣ್ಣ ಇಲಿಯಾಸಣ್ಣ, ಬೇಲಿ ದಾಟ್ಸಿ ಕಳ್ಸಣ್ಣ." 'ಮಗೀಗ್ ಕೊಡು' ಎಂದು ಕೂಗುವುದಂತೂ ನಮ್ಮವರಿಗೆ ಎಷ್ಟು ಹಿಡಿಸಿತೆಂದರೆ, ಸಂತೆಯಲ್ಲಿ ಯಾರಾದರೂ ಸೀಬೆಹಣ್ಣು ಕಚ್ಚಿದರೂ ನಾಲ್ಕು ಜನ ನಿಂತು ಕೂಗುತ್ತಿದ್ದರು. ದೊಡ್ಡ ಜಾಣರ ಊರು ನಮ್ಮದು. ಬೇಸ್‌ಬಾಲಿನವರ ಹತ್ತಿರ ಬುಟ್ಟಿಗಟ್ಟಲೆ ಚೆಂಡಿರುತ್ತದೆ, ನಮ್ಮ ಟೂರ್ನಮೆಂಟಿನಲ್ಲಿ ಎಷ್ಟಿರುತ್ತದೆ ಎಂದು ಒಬ್ಬನೂ ಯೋಚಿಸಲಿಲ್ಲ.

ಪಿರಿಯಾಪಟ್ಟಣದ ಮೈದಾನದ ಒಂದು ಮಗ್ಗುಲಿಗೆ ಬೇಲಿ, ಬೇಲಿಯಾಚೆ ರಸ್ತೆ, ಬಸ್‌ಸ್ಟಾಪು. ಎದುರಾಳಿ ಮಿರ್ಲೆಯ ತಂಡ. ಅವರು ಮೊದಲು ಆಡಿದರು. ಅವರ ಒಂದು ಸಿಕ್ಸರಿಗೆ ಮೊದಲನೆಯ ಚೆಂಡು ಹೊಗೆಸೊಪ್ಪಿನ ಹೊಲದಲ್ಲಿ ಕಳೆದುಹೋಯಿತು. ಎರಡನೆಯದು ತೆಗೆದರು. ನಮ್ಮ ಸರದಿ ಬಂತು, ಆರು ವಿಕೆಟ್ ಸರಸರನೆ ಬಿತ್ತು. ಇಲಿಯಾಸ್ ಭಾಯ್ ಬ್ಯಾಟ್ ಹಿಡಿದು ಒಳಗೆ ಹೊರಟರು. ನಾನು ವಾಡಿಕೆಯಂತೆ ಎದ್ದೆ. ಕಿಮ್ಮಣ್ಣ ಕುಚ್ಚು ಬೀಸುತ್ತಾ ಹಾಡುತ್ತಲೇ ನನ್ನನ್ನು ನೋಡಿದ. ಅಂಗಡಿಯಲ್ಲಿ ಕೆಲಸವಿದೆ ಎಂದು ನಾನೇ ಗೊಣಗಿಕೊಂಡು ಬೇಲಿ ದಾಟಿ ಬಸ್‌ಸ್ಟಾಪಿಗೆ ಬಂದು ನಿಂತೆ.

ಅಲ್ಲಿಗೆ ಬಂದ ಮೇಲೆ ಆಟ ತಿರುಗಿತು. ಇದ್ದೊಂದು ಚೆಂಡು ಸವೆದು ಸವೆದು ಬೋಳಾಗಿ, ಪುಟಿಯುವುದನ್ನೇ ಮರೆತಿತ್ತು. ಮಿರ್ಲೆಯ ಫಾಸ್ಟ್ ಬೌಲರ್ ಎಷ್ಟು ಜೋರಾಗಿ ಎಸೆದರೂ ಇಲಿಯಾಸ್ ಭಾಯ್ ಅವರ ಕಾಲ ಬಳಿ ಬೆಕ್ಕಿನ ಹಾಗೆ ಬಂದು ನಿಲ್ಲುತ್ತಿತ್ತು. ಆ ಕಡೆ ವಿಕೆಟ್ ಬೀಳುತ್ತಾ ಹೋದರೂ ಈ ಕಡೆ ಅವರು ಬಾರಿಸುತ್ತಾ ಹೋದರು. ಉಳಿದದ್ದು ಒಂದೇ ವಿಕೆಟ್, ಬೇಕಾದದ್ದು ಎಂಟು ರನ್. ಎಚ್.ಡಿ. ಕೋಟೆ ಕಡೆಯ ಬಸ್ಸು ಬಂದು ನಿಂತಿತು. ಅದೇ ಗಳಿಗೆಯಲ್ಲಿ ಇಲಿಯಾಸ್ ಭಾಯ್ ಎತ್ತಿ ಹೊಡೆದ ಚೆಂಡು ಬೇಲಿ ದಾಟಿ ನೇರ ನನ್ನ ಎದೆಗೆ ಬಂದು, ಹೇಗೋ ಕೈಯಲ್ಲಿ ಕೂತಿತು. ಸಿಕ್ಸರ್! ಇನ್ನು ಎರಡೇ ರನ್.

ಮೈದಾನ ನನ್ನತ್ತ ತಿರುಗಿತು. ಮುನ್ನೂರು ಕುಚ್ಚುಗಳು ಎದ್ದವು. "ಮಗೀಗ್ ಕೊಡು! ಮಗೀಗ್ ಕೊಡು!"

ಜೀವನದಲ್ಲಿ ಮೊದಲ ಬಾರಿಗೆ ಅಷ್ಟು ಜನ ನನ್ನನ್ನು ನೋಡುತ್ತಿದ್ದರು. ಪಕ್ಕದಲ್ಲಿ ತಾಯಿಯ ಸೆರಗು ಹಿಡಿದು ಬಸ್ ಹತ್ತುತ್ತಿದ್ದ ನಾಲ್ಕು ವರ್ಷದ ಹುಡುಗಿಯ ಕೈಗೆ ಚೆಂಡನ್ನು, ಎಲ್ಲರಿಗೂ ಕಾಣುವಂತೆ ಕೈ ಎತ್ತಿ, ಪ್ರಶಸ್ತಿ ಪ್ರದಾನ ಮಾಡುವ ಮಂತ್ರಿಯಂತೆ ಕೊಟ್ಟೆ. ಚಪ್ಪಾಳೆ ಗುಡುಗಿತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಚೆಂಡಿನ ಸಮೇತ ಹುಣಸೂರಿನ ದಾರಿ ಹಿಡಿಯಿತು. ನಾನು ಕೊಪ್ಪದ ಬಸ್ಸಿಗೆ ಕಾಯಲಿಲ್ಲ. ಗೆಲ್ಲುವ ತಂಡವನ್ನು ಬಿಟ್ಟು ಹೋಗುವ ಪೈಕಿ ನಾನಲ್ಲ. ಬೇಲಿ ಹಾರಿ ಓಡಿ ಬಂದು ಜನರ ಮಧ್ಯೆ ನಿಂತು ಕುಚ್ಚು ಕಿತ್ತುಕೊಂಡು ಬೀಸಿದೆ.

ಅಂಪೈರ್ ಕೈ ಚಾಚಿ ನಿಂತಿದ್ದರು. "ಎಲ್ರೀ ಬಾಲು?"

ಕೊಪ್ಪದ ಮುನ್ನೂರು ಜನರೂ ರಸ್ತೆಯ ಧೂಳನ್ನು ನೋಡಿದೆವು.

ಮಿರ್ಲೆಯ ಕ್ಯಾಪ್ಟನ್ ಒಳ್ಳೆಯ ಮನುಷ್ಯ. ತನ್ನ ಚೀಲದಿಂದ ಹೊಚ್ಚಹೊಸ ಚೆಂಡೊಂದನ್ನು ತೆಗೆದು ಕೊಟ್ಟ. ಮೈತುಂಬ ಹಸಿರು ರೋಮ ನಿಮಿರಿದ ಚೆಂಡು. ಫಾಸ್ಟ್ ಬೌಲರ್ ಅದನ್ನು ಎರಡು ಸಲ ಅಂಗೈಯಲ್ಲಿ ತಿರುಗಿಸಿ ನಕ್ಕ. ಅವನು ಎಸೆದದ್ದು ಇಲಿಯಾಸ್ ಭಾಯ್ ಅವರ ಗಲ್ಲದೆತ್ತರಕ್ಕೆ ಚಿಮ್ಮಿತು. ಕಾಲ ಬಳಿಯ ಚೆಂಡಿಗೆಂದು ಬೀಸಿದ ಬ್ಯಾಟಿನ ಹಿಡಿಗೆ ತಾಗಿ ಮೇಲೆ, ಮೇಲೆ, ಕೀಪರನ ಕೈಗೆ. ಒಂದು ರನ್ನಿನಿಂದ ಸೋತೆವು.

ನನ್ನ ಬೆನ್ನಿಗೆ ಏಟು ಬೀಳುತ್ತದೆಂದು ಕಾದೆ. ಕೂಗಿದವರು ತಾವೇ ಎಂಬ ನಾಚಿಕೆಗೋ ಏನೋ, ಯಾರೂ ಮುಟ್ಟಲಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ಬಿತ್ತು. "ಥೂ, ನಿನ್ ದಾನಕ್ಕೆ ಬೆಂಕಿ ಆಕ! ಆ ಮಗ ಬಸ್ಸಲ್ಲಿ ಓಯ್ತಾ ಅದೆ ಅಂತ ಕಾಣ್ಲಿಲ್ವೇನ್ಲಾ?" ಎಂದರು ನಮ್ಮ ಬೀದಿಯ ಹಿರಿಯರೊಬ್ಬರು. ಈ ನಡುವೆ ಕಿಮ್ಮಣ್ಣ ಒಬ್ಬನೇ ಮತ್ತೆ ಆ ಸೋಬಾನೆ ಎತ್ತಿಕೊಂಡ. ಒಬ್ಬೊಬ್ಬರಾಗಿ ಸೇರಿದರು. ಬೈಯುತ್ತಿದ್ದವರೂ ಬೈಯುತ್ತಲೇ ಸೇರಿದರು. ಬ್ಯಾಟು ಎಳೆದುಕೊಂಡು ಕುಂಟುತ್ತಾ ಬಂದ ಇಲಿಯಾಸ್ ಭಾಯ್ ಹಾಡು ಮುಗಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು.

ನಾನು ಹತ್ತಿರ ಹೋಗಿ, "ತಪ್ಪಾಯ್ತು ಭಾಯ್, ಬಾಲ್ ಕೊಡಬಾರದಿತ್ತು," ಎಂದೆ.

"ಬಾಲ್ ಕೊಟ್ಟಿದ್ದು ಓಗ್ಲಿ ಬುಡಿ ಏಜೆಂಟ್ರೇ, ಮಗ ಆಡ್ಕತದೆ," ಎಂದರು. "ಆ ಬಾಲು ಬಸ್‌ಸ್ಟಾಪಿಗೆ ಓಗಿತ್ತು. ನೀವ್ಯಾಕೆ ಅಲ್ಲಿದ್ರಿ?"

ನಾನು ಕೈಯಲ್ಲಿದ್ದ ಕುಚ್ಚನ್ನು ಸುತ್ತತೊಡಗಿದೆ.

"ಪ್ರತಿ ಸಲ ಬ್ಯಾಟ್ ಇಡ್ಕೊಂಡು ಒಳೀಕ್ ಬರೋವಾಗ ನೋಡ್ತೀನಿ," ಎಂದರು ಅವರು, ಸಿಟ್ಟಿಲ್ಲದೆ. "ನಾನ್ ಬರ್ತಾ ಇರ್ತೀನಿ, ನೀವ್ ಓಯ್ತಾ ಇರ್ತೀರಿ."

ಆ ದಿನ ನನಗಾದ ಅವಮಾನ ಯಾವ ಬೈಗುಳದಿಂದಲೂ ಆಗಿರಲಿಲ್ಲ. ಅದಕ್ಕೇ ಇರಬೇಕು, ಈ ಕಥೆಯನ್ನು ಇಷ್ಟು ವರ್ಷ ಹೇಳುವಾಗ ಚೆಂಡು, ಹುಡುಗಿ, ಬಸ್ಸು ಎಲ್ಲವನ್ನೂ ಹೇಳಿ ಜನರನ್ನು ನಗಿಸಿ, ನಾನು ಬಸ್‌ಸ್ಟಾಪಿನಲ್ಲಿ ಏಕಿದ್ದೆ ಎಂಬುದನ್ನು ಮಾತ್ರ ನುಂಗಿಬಿಡುತ್ತಿದ್ದೆ. ಇಂದು ಮೊದಲ ಸಲ, ಅದೂ ನಿಮ್ಮ ಹತ್ತಿರ, ಬಾಯಿಬಿಟ್ಟಿದ್ದೇನೆ.

ಕಿಮ್ಮಣ್ಣ ಮರುವರ್ಷ ತನ್ನೂರಿಗೆ ಹೋದ. ಕೆಲವು ವರ್ಷಗಳ ನಂತರ ಅವನ ತಂಡಕ್ಕೆ ಹೊರದೇಶದ ಕೋಚ್ ಬಂದು, ಎಂಟನೇ ಸಾಲಿನಿಂದ ಮೇಲೇರಿ, ಊರಿಗೆ ಹುಚ್ಚು ಹಿಡಿಯಿತಂತೆ. ಸಂತೋಷವಾಗಿರುತ್ತಾನೆಂದು ಅಭಿನಂದನೆ ಬರೆದೆ. ಉತ್ತರ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬಂತು: "ಸಂತೋಷ. ಆದರೆ ಕೂರೋಕೆ ಜಾಗ ಇಲ್ಲ. ನಿಮ್ಮಂಥವರು ಎಲ್ಲ ವಾಪಸ್ ಬಂದರು."

ಹೆಂಡತಿಗೆ ಬೇರೆ ಪೇಪರು ಕೊಟ್ಟು, ಕುಚ್ಚನ್ನು ಸುತ್ತಿ ಜೇಬಿಗಿಟ್ಟುಕೊಂಡು ಆ ಸಂಜೆ ಪಿರಿಯಾಪಟ್ಟಣಕ್ಕೆ ಹೋದೆ. ಕೊಪ್ಪದ ಹೊಸ ಹುಡುಗರ ಆಟವಿತ್ತು. ಅಂಗಿ ಈಗಲೂ ಮೆರೂನ್, ಆಟವೂ ಹಾಗೇ. ಬಿಳಿಗಡ್ಡದ ಇಲಿಯಾಸ್ ಭಾಯ್ ಬೌಂಡರಿಯ ಬಳಿ ಕುರ್ಚಿ ಹಾಕಿಕೊಂಡು ಹುಡುಗರಿಗೆ ಬೈಯುತ್ತಿದ್ದರು. ನಾನು ಬಂದದ್ದನ್ನು ಕಂಡು ಕೈ ಎತ್ತಿದರು. ಮೂರು ವಿಕೆಟ್ ಬಿತ್ತು, ಐದು ಬಿತ್ತು. ನನ್ನ ಕಾಲು ಅದರ ಪಾಡಿಗೆ ಚಪ್ಪಲಿ ಹುಡುಕತೊಡಗಿತು. ಕುಚ್ಚು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಆರನೆಯದೂ ಬಿತ್ತು. ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತ ಸದ್ದಾಯಿತು. ಇಲಿಯಾಸ್ ಭಾಯ್ ಕುರ್ಚಿಯಲ್ಲೇ ತಿರುಗಿ, ಹಳೆಯ ಅಭ್ಯಾಸದಂತೆ, ಬೇಲಿಯಾಚೆಯ ಬಸ್‌ಸ್ಟಾಪಿನ ಕಡೆ ನೋಡಿದರು. ಅಲ್ಲಿ ನಾನಿರಲಿಲ್ಲ.