ಕೆಂಪು ಪಟ್ಟಿ ಬಿಚ್ಚಿಸಿದವಳು

ರಂಗಮಣಿ ಯಾರ ಮನೆಗೆ ಹೋದರೂ ನೇರವಾಗಿ ಅಡಿಗೆಮನೆಗೇ ನುಗ್ಗುತ್ತಿದ್ದಳು. ಚಪ್ಪಲಿ ಬಿಡುವುದು, ಪಾತ್ರೆಯ ಮುಚ್ಚಳ ಎತ್ತುವುದು, ಎರಡೂ ಒಂದೇ ಉಸಿರಿನಲ್ಲಿ. "ಏನ್ ಕೊಳಂಬು ಇವತ್ತು?" ಎಂದು ಕೇಳಿ, ಉತ್ತರ ಬರುವ ಮೊದಲೇ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕುವಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಉಗಿದು ಕಳಿಸುತ್ತಿದ್ದರು. ಇವಳು ಮಾಡಿದರೆ ಮನೆಯವರಿಗೆ ಹಿಗ್ಗು. ಬೆಳಗಿನಿಂದ ಒಲೆ ಮುಂದೆ ಬೆಂದು ನಾನು ಮಾಡಿದ ಉಪ್ಪುಸಾರಿಗೆ ಒಂದು ಒಳ್ಳೆಯ ಮಾತು ಆಡದ ನಮ್ಮ ಅತ್ತೆ, ಅವಳು ಅಂಗೈ ನೆಕ್ಕುವುದನ್ನು ನೋಡಿ ಬಾಯ್ತುಂಬ ನಗುತ್ತಿದ್ದರು.

ಅವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನಾನು ಗುಂಡ್ಲುಪೇಟೆ ಕಡೆಯಿಂದ ಕಾರಮಡೈ ಹತ್ತಿರದ ಈ ಬಾಳೆತೋಟದ ಮನೆಗೆ ಬಂದವಳು. ಅವಳು ಇಲ್ಲಿಯವಳೇ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನಗೆ ಕನ್ನಡ ಓದಲು ಬರೆಯಲು ಬರುತ್ತದೆ, ಅವಳಿಗೆ ಬರುವುದಿಲ್ಲ. ನಾನು ಹಿರಿಸೊಸೆ, ಕೈರುಚಿಯೂ ನನ್ನದೇ ಮೇಲು. ಆದರೂ ಊರಿನಲ್ಲಿ ಯಾರಿಗೆ ಏನು ಬೇಕಾದರೂ ನಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದುದು, ಚಿಕ್ಕಮ್ಮಣಿ ಇದ್ದಾರಾ ಎಂದು. ಚಿಕ್ಕಮ್ಮಣಿ ಎಂದರೆ ಕಿರಿಸೊಸೆ, ಅವಳು. ಎದುರಿಗೆ ನಿಂತ ನಾನು ಅವರ ಕಣ್ಣಿಗೆ ಬಾಗಿಲ ಚೌಕಟ್ಟಿನ ಹಾಗೆ. ಅವಳನ್ನು ಕರೆಯಲು ಒಳಗೆ ಹೋಗುವಾಗ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅವಳು ತೋಪಿನಾಚೆಯ ಕಾಲೊನಿಯಲ್ಲೂ ಉಣ್ಣುತ್ತಿದ್ದಳು. ಅಲ್ಲಿನವರು ನಮ್ಮ ತೋಟಗಳಲ್ಲಿ ಎಲೆ ಕೊಯ್ಯುವ ಕೂಲಿಯವರು. ನಮ್ಮ ಮನೆಗಳಿಂದ ಅಲ್ಲಿಗೆ ಹೋಗಿ ಊಟಕ್ಕೆ ಕೂತವರು ಅವಳಿಗಿಂತ ಮೊದಲು ಯಾರೂ ಇಲ್ಲ. ಅತ್ತೆ ಒಂದು ದಿನ ಮುಖ ಗಂಟಿಕ್ಕಿದಾಗ ಅವಳು, "ಅವರ ಮನೆ ಕರುವಾಡು ಕೊಳಂಬು ತಿಂದು ನೋಡಿ ಅತ್ತೆ, ಆಮೇಲೆ ಬೈಯಿರಿ" ಎಂದಳು. ಕರುವಾಡು ಎಂದರೆ ಒಣಮೀನು. ಅತ್ತೆ ಬೈಯಲೂ ಇಲ್ಲ, ತಿನ್ನಲೂ ಇಲ್ಲ. ಕಾಲೊನಿಯ ಕಾಳಿಯಮ್ಮ ಮಾತ್ರ ಅವಳಿಗೆಂದು ಒಂದು ಬಟ್ಟಲು ಎತ್ತಿಡುವುದನ್ನು ರೂಢಿ ಮಾಡಿಕೊಂಡಳು.

ಎಲೆ ಮಾರುವ ನಮ್ಮ ಕೂಟ ಹುಟ್ಟಿದ್ದೂ ಅವಳ ಈ ಅಭ್ಯಾಸದಿಂದಲೇ. ನಮ್ಮೂರಿಗೆ ಹೊಳೆಯ ನೀರಿದೆ, ತೋಟಗಳಿವೆ. ಪಕ್ಕದ ಮೇಡು ಎಂಬ ದಿಣ್ಣೆಯ ಮೇಲಿನ ಊರಿಗೆ ನೀರಿಲ್ಲ. ಅಲ್ಲಿಯ ಗಂಡಸರು ಬಾಡಿಗೆಗೆ ವ್ಯಾನು ಓಡಿಸುತ್ತಾರೆ. ಕಾಲೊನಿಯವರಿಗೆ ತೋಟವೂ ಇಲ್ಲ, ವ್ಯಾನೂ ಇಲ್ಲ. ನಾವು ಬಾಳೆಎಲೆಯನ್ನು ಮಂಡಿಯವನಿಗೆ ಅವನು ಹೇಳಿದ ಬೆಲೆಗೆ ಹಾಕುತ್ತಿದ್ದೆವು. ಮುಹೂರ್ತದ ದಿನಗಳಲ್ಲಿ ಎಲೆಗೆ ಕಿತ್ತಾಟ. ಮದುವೆಗಳಿಲ್ಲದ ಆಡಿ ತಿಂಗಳಲ್ಲಿ ಎಲೆ ಗಿಡದಲ್ಲೇ ಗಾಳಿಗೆ ಸೀಳಿ ಹೋಗುತ್ತಿತ್ತು. ರಂಗಮಣಿ ಒಮ್ಮೆ ತಿರುಪ್ಪೂರಿಗೆ ನಂಟರ ಮನೆಗೆ ಹೋದವಳು, ಬನಿಯನ್ ಕಂಪನಿಗಳ ಸುತ್ತಲಿನ ಮೆಸ್ಸುಗಳ ಅಡಿಗೆಮನೆಗಳನ್ನೆಲ್ಲ ಹೊಕ್ಕು ಬಂದಳು. ಅವಕ್ಕೆ ಆಡಿಯಿಲ್ಲ, ಮುಹೂರ್ತವಿಲ್ಲ, ದಿನವೂ ಎಲೆ ಬೇಕು. ಬಂದವಳೇ ಎಲ್ಲರನ್ನೂ ಎಲೆ ಕಟ್ಟುವ ಶೆಡ್ಡಿಗೆ ಕರೆದಳು.

"ಎಲೆ ನಮ್ದು, ಗಾಡಿ ಮೇಡ್ನೋರ್ದು, ಕೊಯ್ಯೋ ಕೈ ಕಾಲೊನಿಯೋರ್ದು. ಮೂರೂ ಸೇರ್ದೆ ಒಂದೆಲೆನೂ ತಿರುಪ್ಪೂರ್ ಕಾಣಲ್ಲ. ಹಂಗಿದ್ಮೇಲೆ ಲಾಭ ಮಾತ್ರ ಯಾಕೆ ಒಂದೇ ಬೀದಿಗೆ ಹೋಗ್ಬೇಕು?"

ಅವಳ ಲೆಕ್ಕದಲ್ಲಿ, ಸಭೆಯಲ್ಲಿ ಮತಕ್ಕೆ ಎತ್ತಲು ತೋಟವಿದ್ದವನಿಗೂ ಒಂದೇ ಕೈ, ಕೊಯ್ಯುವವಳಿಗೂ ಒಂದೇ ಕೈ, ಲಾಭದಲ್ಲಿ ಎಲ್ಲ ಮನೆಗೂ ಪಾಲು. ಹಿರಿಯರು ಗೊಣಗಿದರು. ಆದರೆ ಮಂಡಿಯವನ ಮೇಲಿನ ಸಿಟ್ಟು ಇನ್ನೂ ದೊಡ್ಡದಿತ್ತು, ಒಪ್ಪಿಕೊಂಡರು. ಅವಳನ್ನೇ ಕೂಟದ ತಲೈವಿ ಮಾಡಿದರು, ಅಂದರೆ ಅಧ್ಯಕ್ಷೆ. ಓದಿದ ನಾನು ಅಲ್ಲೇ ಕೂತಿದ್ದೆ. ಒಂದು ಮಾತಿಗಾದರೂ ನನ್ನ ಹೆಸರು ಯಾರೂ ಎತ್ತಲಿಲ್ಲ. ಆ ಸ್ಥಾನ ನನಗೆ ಬೇಕಿತ್ತು, ತುಂಬ ಬೇಕಿತ್ತು.

ಮುಂದಿನ ಸಭೆಯಲ್ಲಿ ಅವಳು ನನ್ನ ಬುಡಕ್ಕೇ ಕೈ ಹಾಕಿದಳು. ನಮ್ಮ ಕಡೆ ಪ್ರತಿ ತೋಟದವರೂ ಎಲೆಯ ಕಟ್ಟಿಗೆ ತಮ್ಮದೇ ಬಣ್ಣದ ಬಟ್ಟೆಯ ಪಟ್ಟಿ ಕಟ್ಟುವುದು ಹಳೆಯ ಪದ್ಧತಿ. ನಮ್ಮದು ಕೆಂಪು. ಕೊಯಮತ್ತೂರಿನ ಕಲ್ಯಾಣಮಂಟಪಗಳ ಅಡಿಗೆಯವರು ಕೆಂಪು ಪಟ್ಟಿಯ ಕಟ್ಟನ್ನೇ ಕೇಳುತ್ತಿದ್ದರು. ಹಳೆಯ ಸೀರೆ ಹರಿದು ಆ ಪಟ್ಟಿಗಳನ್ನು ಮಾಡುತ್ತಿದ್ದವಳು ನಾನು. ಆ ಮನೆಯಲ್ಲಿ ನನ್ನ ಹೆಗ್ಗಳಿಕೆ ಎಂದರೆ ಅದೊಂದೇ. ಇನ್ನು ಪಟ್ಟಿ ಬೇಡ, ಎಲೆಯ ಅಳತೆ ನೋಡಿ ಎಲ್ಲರದನ್ನೂ ಬೆರೆಸಿ ಕಟ್ಟೋಣ ಎಂದಳು ರಂಗಮಣಿ. ನಾನು ಎದ್ದು ನಿಂತು ಬೇಡ ಎಂದೆ.

"ಅಕ್ಕಾ, ಎಲೆ ಮುಂದೆ ಕೂತೋನಿಗೆ ಅದು ಯಾರ ತೋಟದ್ದೂಂತ ಗೊತ್ತಾಯ್ತದಾ?"

"ನಮಗೆ ಗೊತ್ತಾಗುತ್ತೆ" ಎಂದೆ.

"ಅದೇ ಅಕ್ಕಾ ತೊಂದ್ರೆ" ಎಂದು ನಕ್ಕಳು. ಕೈ ಎತ್ತಿಸಿದರು. ಅವಳ ಕಡೆ ಎದ್ದ ಕೈಗಳಲ್ಲಿ ನನ್ನ ಗಂಡನದೂ ಒಂದು. ಆ ದಿನ ಅವರಿಗೆ ಬರೀ ಮಜ್ಜಿಗೆ ಅನ್ನ ಬಡಿಸಿದೆ.

ಹಾಗಾಗಿ ಅವಳು ಒಮ್ಮೆ ಎಡವಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಿರುಪ್ಪೂರಿನ ದೊಡ್ಡ ಮದುವೆಯೊಂದಕ್ಕೆ ಕೂಟದಿಂದ ಎಲೆ ಹೋಗಬೇಕಿತ್ತು. ಮದುವೆಗೆ ಕುಡಿ ಇರುವ ಎಲೆಯೇ ಆಗಬೇಕು. ಕುಡಿ ಇಲ್ಲದ ಎಲೆ ಹಾಸಿದರೆ ಬೀಗರು ಎದ್ದು ಹೋಗುತ್ತಾರೆ. ಮೆಸ್ಸುಗಳಿಗೆ ತಟ್ಟೆಯ ಅಳತೆಗೆ ಕುಡಿ ಕತ್ತರಿಸಿ ಕಳಿಸುವುದೇ ಕಾಲೊನಿಯವರ ಕೈಗೆ ರೂಢಿಯಾಗಿತ್ತು. ಅದೇ ರೂಢಿಯಲ್ಲಿ ಕಾಳಿಯಮ್ಮನ ಗುಂಪು ಮದುವೆಯ ಲೋಡಿನ ಕುಡಿಯನ್ನೆಲ್ಲ ಸವರಿ ಹಾಕಿತ್ತು. ವ್ಯಾನಿಗೆ ಏರಿಸುವಾಗಲೇ ಗೊತ್ತಾಗಿದ್ದು. ಮುಹೂರ್ತ ಮರುದಿನ ಬೆಳಿಗ್ಗೆ.

ಕೂಲಿಯವರಿಗೆ ಪಾಲು ಕೊಟ್ಟರೆ ಹೀಗೇ ಆಗುವುದು, ಅವರ ಪಾಲು ಹಿಡಿಯಿರಿ ಎಂದು ತೋಟದ ಗೌಡರೊಬ್ಬರು ಕೂಗಾಡಿದರು. ಕಾಳಿಯಮ್ಮ ಕತ್ತಿ ಕೆಳಗಿಟ್ಟು ತಲೆ ತಗ್ಗಿಸಿ ನಿಂತಿದ್ದಳು. ರಂಗಮಣಿ ಅವಳ ಮುಂದೆ ಬಂದು ನಿಂತು, "ಮೆಸ್ಸಿಗೆ ಹಿಂಗೆ ಅಂತ ಹೇಳ್ಕೊಟ್ಟೋಳು ನಾನು. ಕಲ್ಯಾಣಕ್ಕೆ ಬೇರೆ ಅಂತ ಹೇಳ್ದೆ ಬಿಟ್ಟೋಳೂ ನಾನೇ. ಹಿಡಿಯೋದಾದ್ರೆ ನಮ್ಮನೆ ಪಾಲು ಹಿಡೀರಿ" ಎಂದಳು. ನಮ್ಮನೆ ಪಾಲು ಎಂದರೆ ನನ್ನದೂ ಸೇರಿ. ನನ್ನನ್ನು ಕೇಳಿದಳೇ? ಇಲ್ಲ.

ಆಮೇಲೆ ಮನೆ ಮನೆಗೆ ಓಡಿದಳು. ಹಿತ್ತಲಲ್ಲಿ ನಾಲ್ಕು ಗಿಡ ಇದ್ದವರೂ ಕುಡಿ ಎಲೆ ಕೊಯ್ದು ಕೊಟ್ಟರು. ಕೊನೆಗೆ ನನ್ನ ಬಳಿ ಬಂದಳು. ನಮ್ಮ ಮನೆಯ ಹಿಂದಿನ ಸಾಲನ್ನು ಅತ್ತೆಯ ಎಂಬತ್ತನೇ ವರ್ಷದ ಊಟಕ್ಕೆಂದು ನಾನು ಯಾರೂ ಮುಟ್ಟದ ಹಾಗೆ ಕಾಪಾಡಿಕೊಂಡು ಬಂದಿದ್ದೆ.

"ಅಕ್ಕಾ, ನೀ ಇಲ್ಲಾಂದ್ರೆ ಇವತ್ತು ಮಾನ ಹೋಯ್ತದೆ."

ಬಾಯಿಗೆ ಬಂದ ಮಾತನ್ನೆಲ್ಲ ನುಂಗಿ ಕತ್ತಿ ತೆಗೆದುಕೊಂಡು ಹೋಗಿ ನಾನೇ ಕೊಯ್ದೆ. ಲೋಡು ಸಂಜೆಗೆ ಹೊರಟಿತು. ಆ ಮಂಟಪದವರು ಎಲೆಯನ್ನು ಬಹಳ ಮೆಚ್ಚಿದರಂತೆ. ಮೇಲಿನ ಕಟ್ಟೆಲ್ಲ ನನ್ನ ಎಲೆ. ಆದರೆ ಪಟ್ಟಿಯಿಲ್ಲ, ಹೆಸರಿಲ್ಲ. ಮೂರು ಊರಿನ ಬಾಯಲ್ಲೂ ಒಂದೇ ಮಾತು, ರಂಗಮಣಿ ಗೆದ್ದುಬಿಟ್ಟಳು ಎಂದು.

ಹೋದ ವರ್ಷ ಕರುಮತ್ತಂಪಟ್ಟಿ ಕಡೆಯ ಮಗ್ಗದ ಮನೆಗಳವರು ತಮಗೂ ಇಂಥದೊಂದು ಕೂಟ ಕಟ್ಟಿಕೊಡಬೇಕೆಂದು ಅವಳನ್ನು ಕರೆದರು. ಗಂಡನನ್ನೂ ಕರೆದುಕೊಂಡು ಅಲ್ಲಿಗೇ ಮನೆ ಮಾಡಲು ಹೊರಟಳು. ಹೊರಡುವ ಹಿಂದಿನ ದಿನ ಶೆಡ್ಡಿನಲ್ಲಿ ಸಭೆ ಸೇರಿ ನನ್ನನ್ನು ತಲೈವಿ ಮಾಡಿದರು. ಮೊದಲು ಎದ್ದದ್ದು ಕಾಳಿಯಮ್ಮನ ಕೈ. ಇಷ್ಟು ವರ್ಷ ಬೇಕೆಂದುಕೊಂಡಿದ್ದು ಸಿಕ್ಕಿತ್ತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಅನುಮಾನ ಕೊರೆಯಿತು.

ಮರುದಿನ ಕಾರಮಡೈ ಬಸ್‌ಸ್ಟ್ಯಾಂಡಿಗೆ ಅವಳನ್ನು ಬಿಡಲು ಹೋದಾಗ ಕೇಳಿಯೇ ಬಿಟ್ಟೆ. "ನನ್ನನ್ನ ಮಾಡಿ ಅಂತ ಅವರಿಗೆ ನೀನೇ ಮೊದಲೇ ಹೇಳಿಟ್ಟಿದ್ದು, ಅಲ್ವಾ?"

"ಹೇಳ್ಬೇಕು ಅಂತಲೇ ಎದ್ದೆ ಅಕ್ಕಾ. ನಾನು ಬಾಯಿ ಬಿಡೋದ್ರೊಳಗೆ ಅವರು ಕೈ ಎತ್ತಿಬಿಟ್ರು."

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದಳೋ, ಅವಳ ಮುಖ ನೋಡಿ ತಿಳಿಯುವುದು ಸಾಧ್ಯವಿರಲಿಲ್ಲ. ಅವಳ ಗಂಡ ಸಾಮಾನು ಏರಿಸುತ್ತಿದ್ದ. ಅವಳು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು ಬಸ್ಸು ಹತ್ತಿದಳು, ಕಿಟಕಿಯ ಪಕ್ಕ ಕೂತಳು. ಕೈ ಬೀಸುತ್ತಾಳೆಂದು ಬಿಸಿಲಲ್ಲಿ ನಿಂತೇ ಇದ್ದೆ. ಬಸ್ಸು ಹೊರಳುವಷ್ಟರಲ್ಲಿ ಅವಳು ಪಕ್ಕದ ಸೀಟಿನ ಹೆಂಗಸಿನ ಕಡೆ ತಿರುಗಿ ಮಾತಿಗೆ ಶುರು ಮಾಡಿದ್ದಳು. ಆ ಹೆಂಗಸು ಆಗಲೇ ನಗುತ್ತಿದ್ದಳು. ಹೆಸರೂ ಗೊತ್ತಿಲ್ಲದ ಆಕೆಯ ಮೇಲೆ ನನಗೆ ಹೊಟ್ಟೆ ಉರಿದಷ್ಟು ರಂಗಮಣಿಯ ಮೇಲೆ ಎಂದೂ ಉರಿದಿರಲಿಲ್ಲ.