ಹಸಿರು ಗೆರೆ ಮಾಯವಾದ ವರ್ಷ

ಎಂಬತ್ತರ ದಶಕದ ಆರಂಭದಲ್ಲಿ ನಾನು ಪುತ್ತೂರಿನಿಂದ ದಿನಾ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿ, ಅಲ್ಲಿನ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೆಲಸ ತಾತ್ಕಾಲಿಕ, ಸಿಟ್ಟು ಮಾತ್ರ ಖಾಯಂ. ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು ಲ್ಯಾಬಿಗೆ ಇದ್ದದ್ದು ಒಂದೇ, ವಾಲ್ವುಗಳ ಕಾಲದ್ದು. ಪರೀಕ್ಷೆ ಹತ್ತಿರ ಬರುವಾಗ ಅದು ಕೈಕೊಟ್ಟಿತು. ಸ್ವಿಚ್ ಹಾಕಿದರೆ ಹಸಿರು ಗೆರೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಊದಿಕೊಂಡು, ಮಂಕಾಗಿ, ಮಾಯವಾಗುತ್ತಿತ್ತು.

ಹೆಂಗಸರ ಕೈಗೆ ಕೊಟ್ಟದ್ದೇ ತಪ್ಪು ಎಂದು ವಿಭಾಗದ ಮುಖ್ಯಸ್ಥರು ನನಗೆ ಕೇಳುವ ಹಾಗೆಯೇ ಹೇಳಿದರು. ಪ್ರಾಕ್ಟಿಕಲ್ ಪರೀಕ್ಷೆಯೊಳಗೆ ಸರಿಯಾಗದಿದ್ದರೆ ಮುಂದಿನ ವರ್ಷ ನನ್ನ ಜಾಗಕ್ಕೆ ಬೇರೆಯವರನ್ನು ನೋಡುತ್ತಾರಂತೆ. ಮೈಯೆಲ್ಲ ಉರಿಯಿತು. ಆ ಕೆಲಸ ಹೋದರೆ ಮನೆಯಲ್ಲಿ ನನ್ನ ಮದುವೆಯ ಮಾತು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಕೂತರೂ ತಲೆಯೊಳಗೆ ಅದೇ ಸರ್ಕ್ಯೂಟು. ಊಟ ರುಚಿಸಲಿಲ್ಲ, ಯಾರು ಮಾತಾಡಿಸಿದರೂ ಸಿಡುಕುತ್ತಿದ್ದೆ. ರೆಕ್ಟಿಫೈಯರ್ ವಾಲ್ವು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪಿಕ್ಚರ್ ಟ್ಯೂಬಿಗೆ ಹೋಗುವ ಹೈ ವೋಲ್ಟೇಜು ನಮ್ಮ ಮೀಟರಿಗೆ ನಿಲುಕುವಂಥದ್ದಲ್ಲ. ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ ಅಳೆಯಬೇಕಾಯಿತು. ಶಾಕ್ ಹೊಡೆದರೂ ಎದೆಯ ಮೂಲಕ ಹಾಯದಂತೆ ಒಂದು ಕೈ ಜೇಬಿನಲ್ಲಿರಲಿ ಎಂದು ನಮಗೆ ಕಲಿಸಿದ್ದರು. ಸೀರೆಗೆ ಎಲ್ಲಿಯ ಜೇಬು? ಎಡಗೈಯನ್ನು ಬೆನ್ನ ಹಿಂದೆ ಸೆರಗಿನಲ್ಲಿ ಸುತ್ತಿಕೊಂಡೆ. ಗೆರೆ ಮಂಕಾಗುವಾಗ ವೋಲ್ಟೇಜೂ ಕುಸಿಯುತ್ತಿತ್ತು. ಟ್ಯೂಬನ್ನು ಬಿಡಿಸಿಟ್ಟರೂ ಕುಸಿಯುತ್ತಿತ್ತು. ಅಂದರೆ ದಾರಿಯಲ್ಲೇ ಎಲ್ಲೋ ಸೋರುತ್ತಿತ್ತು.

ಕೊನೆಗೆ ಬೆಳಕಿನ ಪ್ರಯೋಗಗಳಿಗೆಂದು ಇದ್ದ ಕಪ್ಪು ಪರದೆಗಳನ್ನು ಎಳೆದು, ಕತ್ತಲೆ ಮಾಡಿಕೊಂಡು ಕಾದೆ. ಲ್ಯಾಬಿನ ಅಟೆಂಡರ್ ನನ್ನ ಹಿಂದೆ ನಿಂತಿದ್ದರು. ಸುಳ್ಯದ ಹತ್ತಿರದ ಅರಂತೋಡಿನವರು, ನನ್ನ ತಂದೆಯ ವಯಸ್ಸು. ರೆಸಿಸ್ಟರುಗಳನ್ನು ಬೆಸೆದ ಹಲಗೆಯ ಅಂಚಿನಲ್ಲಿ ನೀಲಿ ಬೆಳಕೊಂದು ಚಿರಿಚಿರಿ ಎನ್ನುತ್ತ ಹರಿದಾಡಿತು. ಜೊತೆಗೆ ಒಂದು ವಾಸನೆ. ಅದು, ಗ್ಯಾಸ್ ಬರುವ ಮೊದಲು ನಮ್ಮ ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಿನ್ನುತ್ತಿದ್ದ ಪುನರ್ಪುಳಿ ಹಣ್ಣಿನ ಸಿಪ್ಪೆಯ ವಾಸನೆ.

ಸ್ವಿಚ್ ತೆಗೆದು, ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಇಳಿಸಿ, ಹಲಗೆಯ ಅಡಿಗೆ ಬೆರಳಾಡಿಸಿದೆ. ಬೆರಳು ಕಪ್ಪಾಯಿತು. ಇದನ್ನು ಮಳೆಗಾಲದಲ್ಲಿ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದೆ.

"ಲ್ಯಾಬಿನ ಮಾಡು ಸೋರ್ತದೆ ಅಲ್ವಾ ಮೇಡಂ. ಮನೆಗೆ ಕೊಂಡುಹೋಗಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಅಲ್ಲಿ ಇಟ್ಟದ್ದಕ್ಕೆ ಬೂಸರು ಬರುದಿಲ್ಲ."

ಬೂಸರು ಬಂದಿರಲಿಲ್ಲ, ನಿಜ. ಮಸಿ ಬಂದಿತ್ತು, ಮಸಿಯೊಳಗೆ ವೋಲ್ಟೇಜು ದಾರಿ ಮಾಡಿಕೊಂಡಿತ್ತು. ಕೂಗಾಡಬೇಕೆಂದಿದ್ದೆ. ಆದರೆ ಬಿತ್ತನೆಯ ಭತ್ತವನ್ನೂ ಸೌತೆಕಾಯಿಯನ್ನೂ ಕಾಪಾಡುವ ಜಾಗದಲ್ಲೇ ಅವರು ಅದನ್ನು ಇಟ್ಟಿದ್ದರು. ಸ್ಪಿರಿಟು, ಹಳೆಯ ಹಲ್ಲುಜ್ಜುವ ಬ್ರಶ್ಶು ತಂದು ಇಬ್ಬರೂ ಉಜ್ಜಿದೆವು. ಸುಟ್ಟ ಗೆರೆಯನ್ನು ಬ್ಲೇಡಿನಿಂದ ಕೆರೆದು, ಹಲಗೆಯನ್ನು ಬಿಸಿಲಿಗಿಟ್ಟೆವು. ಸಂಜೆ ಹಸಿರು ಗೆರೆ ಬಂತು, ಕೊನೆಯ ಬಸ್ಸಿನ ಹೊತ್ತಾದರೂ ಹೋಗಲಿಲ್ಲ.

ಮರುದಿನ ಮುಖ್ಯಸ್ಥರು ಏನಾಗಿತ್ತೆಂದು ಕೇಳಿದಾಗ ಲೀಕೇಜ್ ಎಂದಷ್ಟೇ ಹೇಳಿದೆ. ಅಟೆಂಡರ್ ಮುಂದೆ ಬಂದು, ಅದು ತಮ್ಮ ಮನೆಯ ಮಸಿ, ಮೇಡಮಿನ ತಪ್ಪಲ್ಲ ಎಂದರು. ಮುಖ್ಯಸ್ಥರು ಹೂಂ ಎಂದು ಹೋದರು.

ಪರೀಕ್ಷೆ ಮುಗಿಯಿತು. ನನ್ನ ಕೆಲಸದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ರಜೆಯಿಡೀ ಪುತ್ತೂರಿನ ಮನೆಯಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಅಂಚೆಯವರ ಸೈಕಲ್ ಬೆಲ್ಲು ಕೇಳಿದರೆ ಕಾಲೇಜಿನ ಕಾಗದ ಬಂತೇನೋ ಎಂದು ಅಂಗಳಕ್ಕೆ ಓಡುತ್ತಿದ್ದೆ. ಅತ್ತ ಗಂಡಿನ ಕಡೆಯವರು ಬರುವ ಮಾತೂ ನಡೆದಿತ್ತು.

ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಟೆಂಡರ್ ನಮ್ಮ ಅಂಗಳದಲ್ಲಿ ನಿಂತಿದ್ದರು. ಹೆಗಲ ಮೇಲೆ ಕಂಬಳಿ ಸುತ್ತಿದ ಆಸಿಲೋಸ್ಕೋಪು.

"ಹೆಡ್ಡು ನಿಮ್ಮಲ್ಲಿ ಇಡ್ಲಿಕ್ಕೆ ಹೇಳಿದ್ದಾರೆ. ನಿಮ್ಮಲ್ಲಿ ಗ್ಯಾಸ್ ಉಂಟಲ್ಲ, ಹೊಗೆ ಇಲ್ಲ," ಎಂದು ಅದನ್ನು ಜಗಲಿಯಲ್ಲಿ ಇಳಿಸಿದರು. "ಕಾಲೇಜು ಶುರುವಾಗುವಾಗ ನೀವೇ ತರಬೇಕಂತೆ."